ಕೇಕಿನ ಟ್ರೇಗೆ ಪಾರ್ಚ್‌ಮೆಂಟ್

ಆ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು: ನಾನು, ನನ್ನ ಅತ್ತೆ, ಪಕ್ಕದ ಮನೆಯ ಜುಬೇದಕ್ಕ. ನಾಲ್ಕನೆಯ ಜೀವವೊಂದು ನನ್ನ ಹೊಟ್ಟೆಯಲ್ಲಿತ್ತು, ಏಳು ತಿಂಗಳಿನದು. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ಅತ್ತೆಯ ಕಟ್ಟಪ್ಪಣೆ. ಹುಟ್ಟುವ ತನಕ ಎಣಿಸಬಾರದು, ಹೆಸರು ಯೋಚಿಸಬಾರದು, ತೊಟ್ಟಿಲು ತರಬಾರದು, ಅದಕ್ಕೆಂದು ಒಂದು ಗೇಣು ಬಟ್ಟೆಯನ್ನೂ ಹೊಲಿಸಬಾರದು. ಆಶಾ ಕಾರ್ಯಕರ್ತೆ ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಅತ್ತೆ, ಗಂಡ, ನಾನು ಎಂದು ಲೆಕ್ಕ ಹಾಕಿ ತಮಾಷೆಗೆ "ಮೂರೂವರೆ" ಎಂದಿದ್ದೆ. ಅತ್ತೆ ಆ ಸಂಜೆ ಕಾಫಿ ಲೋಟವನ್ನು ನನ್ನ ಮುಂದೆ ಟಪ್ಪೆಂದು ಇಟ್ಟು ಹೋದರು. ಅವರ ಸಿಟ್ಟು ಯಾವಾಗಲೂ ಅಷ್ಟೇ, ಒಂದು ಲೋಟದ ಸದ್ದಿನಲ್ಲಿ ಮುಗಿಯುತ್ತದೆ.

ಇದೆಲ್ಲ ಈಗ ನೆನಪಾದದ್ದು ಒಂದು ಪಾತ್ರೆಯಿಂದ. ಮೊನ್ನೆ ಅಟ್ಟ ಗುಡಿಸುವಾಗ ಮೂಲೆಯಲ್ಲಿ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ ಸಿಕ್ಕಿತು. ಮುಚ್ಚಳ ತೆಗೆದರೆ ಒಳಗೆ ಎರಡು ಬೆರಳು ಮರಳು ಇನ್ನೂ ಹಾಗೇ ಇದೆ. ಅಡುಗೆ ಪಾತ್ರೆಯಲ್ಲಿ ಮರಳು ಯಾಕೆ ಎಂದು ನೀವು ಕೇಳಬಹುದು. ಅದು ನಮ್ಮ ಓವನ್. ಅತ್ತೆ ಮದುವೆಯಾದ ಹೊಸದರಲ್ಲಿ ಕುದುರೆಮುಖದ ಕ್ವಾರ್ಟರ್ಸಿನಲ್ಲಿದ್ದರು, ಈಗಿಲ್ಲದ ನನ್ನ ಮಾವನಿಗೆ ಅಲ್ಲಿನ ಗಣಿಯಲ್ಲಿ ಕೆಲಸ. ಪಕ್ಕದ ಕ್ವಾರ್ಟರ್ಸಿನ ಮಲಯಾಳಿ ಟೀಚರ್ ಒಬ್ಬರು ಇಂಥದೇ ಪಾತ್ರೆಗೆ ಮರಳು ತುಂಬಿ, ಬಿಸಿಮಾಡಿ, ಒಳಗೆ ಡಬ್ಬಿ ಇಟ್ಟು ಕ್ರಿಸ್‌ಮಸ್ಸಿಗೆ ಕೇಕ್ ಮಾಡುತ್ತಿದ್ದರಂತೆ. ಗಣಿ ನಿಂತು, ಊರೇ ಖಾಲಿಯಾಗಿ, ಇವರೆಲ್ಲ ಕಳಸಕ್ಕೆ ಬಂದಾಗ ಆ ವಿದ್ಯೆಯೂ ಪಾತ್ರೆಯ ಜೊತೆ ಲಾರಿ ಹತ್ತಿ ಬಂತು. ಆಮೇಲೆ ಬಹಳ ವರ್ಷ ಅದರಲ್ಲಿ ಹಂಡೆ ಒಲೆಯ ಬೂದಿ ತುಂಬಿಡುತ್ತಿದ್ದರು. ನಾನು ಬಸುರಿಯಾಗಿ, ಮಾಡಲು ಕೆಲಸವಿಲ್ಲದೆ, ಕೂತಲ್ಲಿ ನಿಂತಲ್ಲಿ ಅಳುತ್ತಿದ್ದಾಗ ಅತ್ತೆಯೇ ಅದನ್ನು ಉಜ್ಜಿ ತೊಳೆದು ನನ್ನ ಮುಂದೆ ಇಟ್ಟರು. ಲೋಟದ ಸದ್ದು ಮಾಡದೆ ಇಟ್ಟರು.

ಮರಳು ಹಳ್ಳದ್ದು. ಏಳು ನೀರಿನಲ್ಲಿ ತೊಳೆದದ್ದು.

ನಾನು ಎಂಥ ಹೆದರುಪುಕ್ಕಲಿ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹಲ್ಲಿ ಲೊಚಗುಟ್ಟಿದರೆ ಹೆದರಿಕೆ, ಲೊಚಗುಟ್ಟದೆ ನನ್ನನ್ನೇ ನೋಡಿದರೆ ಇನ್ನೂ ಹೆದರಿಕೆ. ಫೋನಿನಲ್ಲಿ ಬಸುರಿಯರಿಗೆಂದೇ ಒಂದು ಆ್ಯಪ್ ಹಾಕಿಕೊಂಡಿದ್ದೆ. ಅದು ವಾರಕ್ಕೊಮ್ಮೆ "ನಿಮ್ಮ ಮಗು ಈಗ ಒಂದು ಬದನೆಕಾಯಿಯಷ್ಟಿದೆ" ಎಂದು ತಿಳಿಸುತ್ತಿತ್ತು. ಯಾವ ಬದನೆಕಾಯಿ? ಉಡುಪಿ ಕಡೆಯ ಗುಂಡು ಬದನೆಯೋ, ಎಣ್ಣೆಗಾಯಿ ಮಾಡುವ ಪುಟ್ಟ ಬದನೆಯೋ? ಒಂದು ಭಾನುವಾರ ಸಂತೆಯಲ್ಲಿ ತರಕಾರಿಯವನ ಮುಂದೆ ಎರಡೂ ಕೈಯಲ್ಲಿ ಒಂದೊಂದು ಬದನೆ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದೆ. ಆತ ಪಾಪ, "ಹುಳ ಇಲ್ಲ ಅಕ್ಕಾ, ಬೇಕಾದ್ರೆ ಕೊಯ್ದು ತೋರಿಸ್ತೆ" ಎಂದ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ದಾರಿಯದು. ನಾನು ತೋರಿಸುತ್ತಿದ್ದ ಡಾಕ್ಟರಮ್ಮ ಇದ್ದದ್ದು ಚಿಕ್ಕಮಗಳೂರಿನಲ್ಲಿ. ಕಳಸದಿಂದ ಕೊಟ್ಟಿಗೆಹಾರ, ಅಲ್ಲಿಂದ ಮೂಡಿಗೆರೆ, ಅಲ್ಲಿಂದ ಮುಂದೆ. ಎಲ್ಲ ಸರಿಯಿದ್ದರೆ ಮೂರು ಗಂಟೆಯ ದಾರಿ. ಎಲ್ಲ ಸರಿಯಿರುವುದು ಎಂದರೆ ಎದುರಿಗೆ ಮರದ ದಿಮ್ಮಿಯ ಲಾರಿ ಸಿಕ್ಕಬಾರದು, ಹೊರನಾಡಿನ ಯಾತ್ರಿಕರ ಬಸ್ಸು ತಿರುವಿನಲ್ಲಿ ಸಿಕ್ಕಿಕೊಳ್ಳಬಾರದು, ಮಂಜು ಇಳಿಯಬಾರದು. ಮೊದಲ ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ನನಗೆ ತವರೆಂದರೆ ಮೂಡಿಗೆರೆ ಹತ್ತಿರದ ಅಜ್ಜಿ ಮನೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋದರು, ಸಾಕಿದ ಅಜ್ಜಿಯೂ ನನ್ನ ಮದುವೆಯ ಮಾರನೆಯ ವರ್ಷ ಹೋದರು. ಹಾಗಾಗಿ ನಾನು ಅತ್ತೆಯ ಪಾಲಿಗೇ ಉಳಿದೆ, ಅತ್ತೆ ನನ್ನ ಪಾಲಿಗೆ.

ಅಜ್ಜಿಯಿಂದ ನನಗೆ ಬಂದ ಆಸ್ತಿ ಮಾತು. ಅವರು ಹೆರಿಗೆ ಎನ್ನುತ್ತಿರಲಿಲ್ಲ, "ಜೀವ ಎರಡಾಗುವುದು" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಅದು ನನಗೆ ಬಹಳ ಸುಲಭದ ಕೆಲಸದಂತೆ ಕೇಳುತ್ತಿತ್ತು, ರೊಟ್ಟಿ ಮುರಿದು ಇಬ್ಬರಿಗೆ ಕೊಟ್ಟ ಹಾಗೆ. ಬಸುರಿಯಾದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದೇ ಮಾತನ್ನು ನೆನೆದರೆ ಮುರಿಯುವುದಷ್ಟೇ ಕೇಳುತ್ತಿತ್ತು. ಅಜ್ಜಿಯ ಒಲೆಯ ಮೇಲೂ ಒಂಥರದ ಕೇಕ್ ಆಗುತ್ತಿತ್ತು ನೋಡಿ. ಸೌತೆಕಾಯಿ ತುರಿದು, ಬೆಲ್ಲ, ಅಕ್ಕಿತರಿ ಕಲಸಿ, ಬಾಳೆಎಲೆ ಹಾಸಿದ ಪಾತ್ರೆಗೆ ಸುರಿದು, ಕೆಳಗೆ ಸಣ್ಣ ಬೆಂಕಿ, ಮುಚ್ಚಳದ ಮೇಲೆ ಕೆಂಡ. ಬೇಯುವವರೆಗೆ ಯಾರೂ ಒಲೆಯ ಹತ್ತಿರ "ಆಯ್ತಾ" ಎಂದು ಕೇಳುವಂತಿಲ್ಲ. ಕೇಳಿದರೆ ಅದು ಹೆದರಿ ಗಟ್ಟಿಯಾಗುತ್ತದಂತೆ. ನಾನು ಕೇಳುತ್ತಿದ್ದೆ. ಅದು ಗಟ್ಟಿಯಾಗುತ್ತಿತ್ತು. ಅಜ್ಜಿ ನನ್ನ ಮುಖ ನೋಡಿ, "ನೋಡು, ಹೆದರಿಸಿದೆ ಅದನ್ನ" ಎನ್ನುತ್ತಿದ್ದರು.

ಕೇಕ್ ಮಾಡುವಾಗ ಮಾತ್ರ ನನ್ನ ಹೆದರಿಕೆ ಸ್ವಲ್ಪ ದೂರ ಹೋಗಿ ಬಾಗಿಲ ಬಳಿ ನಿಲ್ಲುತ್ತಿತ್ತು. ಮೈದಾ ಜರಡಿ ಹಿಡಿಯುವಾಗ, ಬೆಣ್ಣೆ ಸಕ್ಕರೆ ತಿರುವುವಾಗ ಕೈಗೆ ಕೆಲಸ, ಕಣ್ಣಿಗೆ ಕೆಲಸ. ಅದಕ್ಕೂ ಮಿಗಿಲಾಗಿ ಕೇಕಿಗೆ ಒಂದು ಗಡುವು ಇದೆ. ನಲವತ್ತು ನಿಮಿಷಕ್ಕೆ ಏನು ಆಗಬೇಕೋ ಅದು ಆಗುತ್ತದೆ. ಅನುಮಾನ ಬಂದರೆ ಹೊಸ ಪೊರಕೆಯ ಕಡ್ಡಿ ತೊಳೆದು ಚುಚ್ಚಿ ನೋಡಬಹುದು. ಹೊಟ್ಟೆಯೊಳಗಿನದಕ್ಕೆ ಇಂಥ ಅನುಕೂಲ ಒಂದೂ ಇಲ್ಲ.

ನನಗೆ ಗುರು ಜುಬೇದಕ್ಕ. ಅವರ ಗಂಡ ಇಬ್ರಾಹಿಮಣ್ಣನದು ರಸ್ತೆ ಬದಿಯಲ್ಲಿ ಜೀಪು ರಿಪೇರಿಯ ಗ್ಯಾರೇಜು. ಜುಬೇದಕ್ಕ ಮನೆಯಲ್ಲೇ ಹುಟ್ಟುಹಬ್ಬದ ಕೇಕ್ ಮಾಡಿ ಕೊಡುತ್ತಾರೆ. ಅವರಲ್ಲಿ ಕರೆಂಟಿನ ನಿಜವಾದ ಓವನ್ ಇದೆ. ಆದರೆ ನಮ್ಮ ಊರಿನ ಕರೆಂಟು ನಂಬಿ ಕೇಕ್ ಇಟ್ಟರೆ ಅದು ಅರ್ಧದಲ್ಲಿ ಇಡ್ಲಿಯಾಗುವುದೂ ಉಂಟು ಎಂದು ಅವರೇ ಹೇಳುತ್ತಾರೆ.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಡಿಸೆಂಬರ್ ತಿಂಗಳು, ಕಾಫಿ ಕುಯ್ಲಿನ ಭರಾಟೆ. ನಾನು ಒಂದು ವಿಡಿಯೋ ನೋಡಿ ಕಿತ್ತಳೆಯ ಕೇಕಿಗೆ ಹೊರಟಿದ್ದೆ. ವಿಡಿಯೋದ ಹುಡುಗಿ ಚೌಕದ ಟ್ರೇಯೊಂದನ್ನು ತೋರಿಸಿ, ಇದಕ್ಕೆ ಪಾರ್ಚ್‌ಮೆಂಟ್ ಹಾಕಿ ಎಂದಳು. ಜುಬೇದಕ್ಕನನ್ನು ಕೇಳಿದ್ದರೆ ಅದಕ್ಕೆ ಬಟರ್ ಪೇಪರ್ ಎನ್ನುತ್ತಿದ್ದರು, ಪೇಟೆಯ ಅಂಗಡಿಯಲ್ಲಿ ಸಿಗುತ್ತಿತ್ತು. ನಾನು ವಿಡಿಯೋದವಳ ಮಾತನ್ನೇ ಜಂಬದಿಂದ ನಮ್ಮವರಿಗೆ ಮೆಸೇಜು ಮಾಡಿದೆ: "ಟ್ರೇಗೆ ಹಾಕೋಕೆ ಪಾರ್ಚ್‌ಮೆಂಟ್ ಬೇಕು, ಊಟಕ್ಕೆ ಬರುವಾಗ ತನ್ನಿ."

ನಮ್ಮವರು, ಸತೀಶ್, ಒಂದು ಎಸ್ಟೇಟಿನಲ್ಲಿ ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ ಬರೆಯುವ ರೈಟರ್. ಎರಡು ಗಂಟೆಗೆ ಬೈಕಿನಿಂದ ಇಳಿದು ಒಂದು ಬಟ್ಟೆ ಚೀಲವನ್ನು ತಂದು ಅಡುಗೆ ಕಟ್ಟೆಯ ಮೇಲೆ ಇಟ್ಟರು.

"ತಗೋ, ನಿನ್ನ ಪಾರ್ಚ್‌ಮೆಂಟ್. ಸಾಹುಕಾರ್ರನ್ನ ಕೇಳಿ ತಂದೆ. ಬೀಜಕ್ಕೇ ಅಂತ ನೆರಳಲ್ಲಿ ಒಣಗಿಸಿದ್ದು. ಒಂದೂ ಪೊಳ್ಳಿಲ್ಲ."

ಕಾಫಿ ಸೀಮೆಯಲ್ಲಿ ಪಾರ್ಚ್‌ಮೆಂಟ್ ಎಂದರೆ ಕಾಫಿ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಮೇಲೂ ಕಾಳಿನ ಮೈಗೆ ಕಾಗದದಂಥ ತೆಳು ಹೊದಿಕೆ ಉಳಿಯುತ್ತದೆ. ಹೊದಿಕೆ ಸಮೇತದ ಆ ಕಾಳೇ ಪಾರ್ಚ್‌ಮೆಂಟ್. ನರ್ಸರಿಯಲ್ಲಿ ಬಿತ್ತುವುದೂ ಅದನ್ನೇ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಹುಟ್ಟಿದಾಗಿನಿಂದ ಗೊತ್ತಿತ್ತು. ಬಸುರಿಯ ತಲೆಯಲ್ಲಿ ಯಾವ ಮಾತು ಯಾವ ಕೋಣೆಯಲ್ಲಿ ಕೂತಿರುತ್ತದೋ ಹೇಳಲಾಗದು.

ಜುಬೇದಕ್ಕ ಚೀಲದೊಳಗೆ ಕೈ ಹಾಕಿ ಒಂದು ಮುಷ್ಟಿ ಎತ್ತಿದರು. "ಇದನ್ನ ಕೇಕಿನ ಅಡೀಗೆ ಹಾಕೂದಾ?"

"ಕೇಕಿಗೆ ಎಂತಕ್ಕೆ?" ಎಂದರು ಸತೀಶ್. "ಟ್ರೇಗೆ ಮರಳು ತುಂಬಿ ಬಿತ್ತೂದಲ್ವಾ? ನೀರು ಹಾಕ್ತಾ ಇದ್ರೆ ನಲವತ್ತೈದು ದಿನಕ್ಕೆ ಟೋಪಿ ಬರ್ತದೆ. ಹೊತ್ತು ಹೋಗದೆ ನರ್ಸರಿ ಮಾಡ್ತಾಳೇನೋ ಅಂದ್ಕೊಂಡೆ."

ಟೋಪಿ ಎಂದರೆ ಮೊಳಕೆಯ ಮೊದಲ ಚೆಂದ. ಬಿತ್ತಿದ ಕಾಳನ್ನು ದಂಟೇ ತಲೆಯ ಮೇಲೆ ಹೊತ್ತುಕೊಂಡು ಮಣ್ಣಿನಿಂದ ಮೇಲೆ ಏಳುತ್ತದೆ. ಸಾಲಾಗಿ ಟೋಪಿ ಹಾಕಿ ನಿಂತ ಮಕ್ಕಳ ಹಾಗೆ ಕಾಣುತ್ತದೆ. ಎಸ್ಟೇಟಿನವರು ಅದಕ್ಕೇ ಆ ಹೆಸರಿಟ್ಟಿದ್ದಾರೆ.

"ನಾನು ಕೇಳಿದ್ದು ಕಾಗದ" ಎಂದೆ.

"ಕಾಗದಕ್ಕೆ ಕಾಗದ ಅನ್ಬೇಕು ಮಾರಾಯ್ತಿ. ರೈಟರ್ ಹೆಂಡ್ತಿಯಾಗಿ ಪಾರ್ಚ್‌ಮೆಂಟ್ ಅಂದ್ರೆ ನಾನು ಎಂತ ತಿಳ್ಕೊಳ್ಳೂದು?"

"ಪುಣ್ಯಕ್ಕೆ ಸೋಡಾಪುಡಿ ನಾನೇ ಕೊಟ್ಟೆ" ಎಂದರು ಜುಬೇದಕ್ಕ. "ಇವ್ರ ಹತ್ರ ಹೇಳಿದ್ರೆ ಗಿಡಕ್ಕೆ ಹೊಡೆಯೂ ಮೈಲುತುತ್ತ ತರ್ತಿದ್ರು."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದರು. ಬಂದಾಗ ಕೈಯಲ್ಲಿ ಒಂದು ತುಂಡು ಬಾಳೆಎಲೆ. ಗ್ಯಾಸಿನ ಉರಿಯ ಮೇಲೆ ಆಡಿಸಿ ಬಾಡಿಸಿ ಡಬ್ಬಿಗೆ ಹಾಸಿದರು. ನನ್ನ ಅಜ್ಜಿಯ ಹಾಗೆಯೇ. ಕೇಕ್ ಬಂತು, ಆದರೆ ನಡು ಕುಸಿದು ತಟ್ಟೆಯಂತಾಗಿತ್ತು. ನಾನು ಮೂರು ಸಲ ಮುಚ್ಚಳ ತೆಗೆದು ನೋಡಿದ್ದೆ.

"ಬೇಯೂದನ್ನ ಬೇಯೂಕೆ ಬಿಡು ಮಾರಾಯ್ತಿ" ಎಂದರು ಜುಬೇದಕ್ಕ. "ನೀನು ಮುಚ್ಚಳ ಎತ್ತೆತ್ತಿ ನೋಡಿದ್ರೆ ಎದ್ದದ್ದೂ ಕೂತ್ಕೊಳ್ತದೆ."

ಅದಾದ ವಾರಕ್ಕೆ ಚಿಕ್ಕಮಗಳೂರಿನಲ್ಲಿ ಸ್ಕ್ಯಾನಿಂಗ್. ಡಾಕ್ಟರಮ್ಮ ಬಹಳ ಹೊತ್ತು ಪರದೆ ನೋಡಿದರು. ಬಹಳ ಹೊತ್ತು ನೋಡುವ ಡಾಕ್ಟರ್ ಎಂದರೆ ನನಗೆ ಆಗಲೇ ಅರ್ಧ ಜೀವ ಹೋದ ಹಾಗೆ. "ಮಗು ಸ್ವಲ್ಪ ಸಣ್ಣದಿದೆ. ಗಾಬರಿಯಾಗೋದು ಬೇಡ" ಎಂದರು. ಗಾಬರಿ ಬೇಡ ಎಂಬ ಮಾತಿನಷ್ಟು ಗಾಬರಿ ಹುಟ್ಟಿಸುವ ಮಾತನ್ನು ನಾನು ಕೇಳಿಲ್ಲ. "ಊಟ ಆದ ಮೇಲೆ ಎಡಗಡೆಗೆ ಮಲಗಿ ಅಲುಗಾಟ ಎಣಿಸಿ, ಹತ್ತಾದ್ರೂ ಆಗ್ಬೇಕು. ಕಡಿಮೆ ಅನ್ನಿಸಿದ್ರೆ ಯೋಚಿಸ್ತಾ ಕೂರಬೇಡಿ, ಬಂದುಬಿಡಿ."

ಯೋಚಿಸದೆ ಬಂದುಬಿಡಬೇಕು. ಮೂರು ಗಂಟೆಯ ದಾರಿ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಎಣಿಸು ಎಂಬ ಮಾತು ಕೇಳಿ ಅವರ ಮುಖ ಚಿಕ್ಕದಾಯಿತು. ಡಾಕ್ಟರ ಮಾತು ಮೀರುವಂತಿಲ್ಲ, ತಮ್ಮ ಮಾತು ಬಿಡುವಂತಿಲ್ಲ. ಸಂಜೆಯ ತನಕ ಹಿತ್ತಿಲಿನಲ್ಲೇ ಓಡಾಡಿದರು. ಆಮೇಲೆ ಎರಡು ಸ್ಟೀಲಿನ ಬಟ್ಟಲು ತಂದು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಒಂದು ಖಾಲಿ. ಇನ್ನೊಂದರಲ್ಲಿ ಸತೀಶ್ ತಪ್ಪಿ ತಂದ ಪಾರ್ಚ್‌ಮೆಂಟ್, ಅಂಚಿನವರೆಗೆ.

"ಒದ್ದಾಗೆಲ್ಲ ಒಂದು ಕಾಳು ಆಚೆ ಬಟ್ಟಲಿಗೆ ಹಾಕು. ಅದನ್ನ ಎಣಿಸಬೇಡ. ಕಾಳು ಎಣಿಸು."

ಇಂಥ ಉಪಾಯ ಹೂಡಿದವರು ನನ್ನ ಅತ್ತೆಯೊಬ್ಬರೇ ಇರಬೇಕು. ಆವತ್ತಿನಿಂದ ನನ್ನ ದಿನಕ್ಕೆ ಒಂದು ಕ್ರಮ ಬಂತು. ಬೆಳಿಗ್ಗೆ ಕೇಕ್. ಊಟವಾದ ಮೇಲೆ ಅದರ ಒಂದು ತುಂಡು ತಿಂದು ಎಡಕ್ಕೆ ಮಲಗುವುದು. ಸಿಹಿ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ಒಳಗಿನವರು ಏಳುತ್ತಿದ್ದರು. ಟಿಣ್ ಎಂದು ಒಂದು ಕಾಳು. ಮತ್ತೆ ಟಿಣ್. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದರೂ ಆ ಸದ್ದಿಗೆ ಕಿವಿ ಇಟ್ಟಿರುತ್ತಿದ್ದರು. ಹತ್ತಾದ ಮೇಲೆ ಉಜ್ಜುವ ಸದ್ದು ಜೋರಾಗುತ್ತಿತ್ತು. ಕಿತ್ತಳೆ ಕೇಕ್, ಬಾಳೆಹಣ್ಣಿನ ಕೇಕ್, ಬೆಲ್ಲ ಏಲಕ್ಕಿ ಕೇಕ್. ಎಲ್ಲವೂ ನಡು ಕುಸಿದವೇ. ಸತೀಶ್ ಅವನ್ನು ಆಫೀಸಿಗೆ ಒಯ್ದರೆ ಮೇಸ್ತ್ರಿ, "ರೈಟ್ರೇ, ಇದು ಕೇಕಾ, ಬಾಂಡ್ಲಿಯಾ" ಎಂದು ಕೇಳಿದರಂತೆ.

ಜನವರಿ ಕೊನೆಯ ಹೊತ್ತಿಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಟಿಣ್ ಎಂಬುದು ನಿಧಾನವಾಯಿತು. ಮೊದಲು ನಾನು ಅದನ್ನು ನನಗೇ ಹೇಳಿಕೊಳ್ಳಲಿಲ್ಲ. ಜಾಗ ಕಡಿಮೆಯಾಗಿದೆ, ಎಲ್ಲಿ ಒದೆಯಬೇಕು ಪಾಪ ಎಂದುಕೊಂಡೆ. ಚಳಿಗೆ ಮಲಗಿದೆ ಎಂದುಕೊಂಡೆ. ಆಮೇಲೆ ಒಂದು ದಿನ ಎಂಟಕ್ಕೆ ನಿಂತಿತು. ನಾನು ಬಟ್ಟಲು ನೋಡಿದೆ, ಅಡುಗೆಮನೆಯ ಕಡೆ ನೋಡಿದೆ. ಅಲ್ಲಿ ಉಜ್ಜುವ ಸದ್ದು ನಿಂತಿತ್ತು. ಒದ್ದ ಹಾಗಾಯಿತಲ್ಲ ಎಂದು ಒಂದು ಕಾಳು ಹಾಕಿದೆ. ಇನ್ನೊಂದೂ ಆಯಿತೇನೋ ಎಂದು ಮತ್ತೊಂದು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿತು.

ಮರುದಿನ ಸುಳ್ಳು ಕಾಳುಗಳು ನಾಲ್ಕಾದವು.

ಯಾಕೆ ಹಾಗೆ ಮಾಡಿದೆ ಎಂದು ಈಗಲೂ ನನ್ನನ್ನು ಕೇಳಿಕೊಳ್ಳುತ್ತೇನೆ. ಹತ್ತಾಗಲಿಲ್ಲ ಎಂದು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗುತ್ತದೆ. ಬಟ್ಟಲಲ್ಲಿ ಹತ್ತು ಇದ್ದರೆ ಎಲ್ಲ ಸರಿಯಿದ್ದ ಹಾಗೆ. ಹಾಜರಿ ಬರೆಯುವ ರೈಟರಿನ ಹೆಂಡತಿ ನಾನು. ಬಾರದವರಿಗೆ ಹಾಜರಿ ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಕೇಕಿಗೆ ಸಕ್ಕರೆ ಎರಡು ಸಲ ಹಾಕಿದೆನೋ, ಒಂದೇ ಸಲವೋ ಗೊತ್ತಾಗಲಿಲ್ಲ. ಅದು ಹಾಳಾಯಿತೆಂದು ಊಟವಾದ ಮೇಲೆ ಮತ್ತೊಂದಕ್ಕೆ ಕಲಸಿ, ಮರಳು ಕಾಯಿಸಿ, ಡಬ್ಬಿ ಒಳಗಿಟ್ಟು ಬಂದು ಮಲಗಿದೆ. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡೆ. ತಣ್ಣೀರು ಕುಡಿದೆ. ಹೊಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದೆ, ಬಾಗಿಲು ತಟ್ಟಿದ ಹಾಗೆ. ಏನೂ ಇಲ್ಲ. ಅಂಗಳದಲ್ಲಿ ಯಾರದೋ ಕೋಳಿ ಮಣ್ಣು ಕೆರೆಯುವುದು ಕೇಳಿಸುತ್ತಿತ್ತು. ಆಚೆ ಬಟ್ಟಲು ಖಾಲಿ. ನಾನು ಒಂದು ಕಾಳು ಎತ್ತಿ ಹಾಕಿದೆ. ಟಿಣ್.

ತಲೆಯೆತ್ತಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಈಗ ಹಾಕಿದ್ದು ಒದ್ದದ್ದಾ, ಹೆದರಿದ್ದಾ?"

ನಾನು ಆ ಬಟ್ಟಲನ್ನು ಅಂಗೈಯಿಂದ ಮುಚ್ಚಿದೆ.

"ಹೇಳು ಮಗಾ. ಬೈಯೂದಿಲ್ಲ."

"ಹೆದರಿದ್ದು" ಎಂದೆ. "ನಿನ್ನೆ ನಾಲ್ಕು ಸುಳ್ಳು. ಮೊನ್ನೆ ಎರಡು. ಇವತ್ತು ಬೆಳಿಗ್ಗೆಯಿಂದ ಒಂದು ಸಲವೂ ಒದ್ದಿಲ್ಲ ಅತ್ತೆ."

ಅವರು ಬೈಯಲಿಲ್ಲ, ಅಳಲಿಲ್ಲ. ಬಂದು ನನ್ನ ತಲೆಗೂದಲನ್ನು ಹಿಂದಕ್ಕೆ ಸರಿಸಿ ಗಂಟು ಕಟ್ಟಿದರು, ಎಲ್ಲಿಗೋ ಹೊರಟವರಿಗೆ ಕಟ್ಟಿದ ಹಾಗೆ. ಆಮೇಲೆ ಸತೀಶ್‌ಗೆ ಫೋನು ಮಾಡಿದರು. ಅವರು ತೋಟದ ಯಾವ ಇಳಿಜಾರಿನಲ್ಲಿದ್ದರೋ, ಫೋನು ತಾಗಲಿಲ್ಲ. ಅತ್ತೆ ಬೇಲಿಯ ಬಳಿ ಹೋಗಿ, "ಜುಬೇದಾ, ಇಬ್ರಾಹಿಂ ಇದಾನಾ" ಎಂದು ಕೂಗಿದರು. ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಇಬ್ರಾಹಿಮಣ್ಣನ ಗ್ಯಾರೇಜಿನಲ್ಲಿ ಯಾವುದೋ ಎಸ್ಟೇಟಿನ ಜೀಪು ರಿಪೇರಿಗೆ ನಿಂತಿತ್ತು. ಅದರ ಬಾನೆಟ್ ಮುಚ್ಚಿ, ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಟೇಬಿಟ್ಟರು. "ಹಾರ್ನ್ ಒಂದು ಇಲ್ಲ ಅಮ್ಮ, ಬ್ರೇಕು ಉಂಟು" ಎಂದರು. ಹಾರ್ನಿಲ್ಲದ ಜೀಪಿನಲ್ಲಿ ಪ್ರತಿ ತಿರುವಿನಲ್ಲೂ ಅವರು ಕಿಟಕಿಯಿಂದ ತಲೆ ಹೊರಹಾಕಿ "ಹೋಯ್" ಎಂದು ಕೂಗುತ್ತ ಓಡಿಸಿದರು. ಈಗ ನೆನೆದರೆ ನಗು ಬರುತ್ತದೆ. ಆಗ ಪ್ರತಿ ಹೋಯ್‌ಗೂ ನಾನು ಹೊಟ್ಟೆ ಹಿಡಿದುಕೊಂಡು, ಅದಕ್ಕೆ ಕೇಳಿಸಿತೋ, ಬೆಚ್ಚಿತೋ ಎಂದು ಕಾಯುತ್ತಿದ್ದೆ.

ಕೊಟ್ಟಿಗೆಹಾರ ದಾಟಿದ ಮೇಲೆ ಅತ್ತೆ ಮಾತಾಡಿದರು. ನನ್ನ ಕಡೆ ನೋಡದೆ, ರಸ್ತೆ ನೋಡುತ್ತ.

"ಸತೀಶನಿಗಿಂತ ಮೊದಲು ಒಂದಿತ್ತು. ಕುದುರೆಮುಖದಲ್ಲಿದ್ದಾಗ. ತೊಟ್ಟಿಲು ತರಿಸಿದ್ದೆ, ಆ ಟೀಚರ್ ಹತ್ರ ನಾಲ್ಕು ಅಂಗಿ ಹೊಲಿಸಿದ್ದೆ. ಎರಡು ದಿನ ಅಲುಗಾಡ್ಲಿಲ್ಲ. ನಾನು ಯಾರ ಹತ್ರಾನೂ ಹೇಳ್ಲಿಲ್ಲ."

"ಯಾಕೆ ಅತ್ತೆ?"

"ನೀನು ಕಾಳು ಹಾಕಿದ್ದು ಯಾಕೆ?"

ಮೂಡಿಗೆರೆ ಬರುವವರೆಗೂ ನನ್ನ ಕೈ ಅವರ ಕೈಯಲ್ಲಿತ್ತು. ಪ್ರತಿ ಹೋಯ್‌ಗೂ ಅವರು ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದರು. ಇಷ್ಟು ದಿನ ನನ್ನೊಬ್ಬಳನ್ನೇ ಹೆದರುಪುಕ್ಕಲಿ ಎಂದುಕೊಂಡಿದ್ದೆ. ತೊಟ್ಟಿಲು ಬೇಡ, ಬಟ್ಟೆ ಬೇಡ ಎಂದು ಮನೆ ತುಂಬ ಕಾವಲು ನಿಂತಿದ್ದು ಯಾರ ಹೆದರಿಕೆ ಎಂದು ನನಗೆ ಹೊಳೆದಿರಲೇ ಇಲ್ಲ.

ಚಿಕ್ಕಮಗಳೂರು ತಲುಪಿದಾಗ ಬಿಸಿಲು ಇಳಿದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದು, "ಎಷ್ಟು ಜನ?" ಎಂದ. ಇಬ್ರಾಹಿಮಣ್ಣ ಜೀಪು ನಿಲ್ಲಿಸಲು ಹೋಗಿದ್ದರು.

"ಮೂರು ಜನ" ಎಂದರು ಅತ್ತೆ.

ಅವನು ನಮ್ಮಿಬ್ಬರ ಹಿಂದೆ ಬಗ್ಗಿ ನೋಡಿದ. "ಇಬ್ರೇ ಇದೀರಲ್ಲಮ್ಮ."

"ಮೂರು ಜನ ಅಂದೆ. ಸರಿಯಪ್ಪ, ದಾರಿ ಬಿಡು."

ಎಂಟು ತಿಂಗಳು ಬಾಯಿಗೆ ಬಾರದ ಲೆಕ್ಕವನ್ನು ಅವರು ಒಬ್ಬ ಅಪರಿಚಿತನ ಮುಂದೆ ಎರಡು ಸಲ ಹೇಳಿದ್ದರು. ಸಮಾಧಾನವಾಗಲಿಲ್ಲ, ಹೆದರಿಕೆಯೇ ಹೆಚ್ಚಾಯಿತು. ಅತ್ತೆಯೇ ಎಣಿಸಿದರೆಂದರೆ ಇನ್ನು ಕಾಯಲು ಏನೂ ಉಳಿದಿಲ್ಲವೆಂದೇ ಅರ್ಥ ಎಂದುಕೊಂಡೆ.

ನರ್ಸ್ ನನ್ನ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ಹಿಡಿಕೆಯನ್ನು ಇಟ್ಟಳು. ಬರೀ ಗಾಳಿಯ ಸದ್ದು. ಹಿಡಿಕೆ ಸರಿಸಿದಳು. ಮತ್ತೆ ಗಾಳಿ. ನಾನು ಸೀಲಿಂಗಿನ ಫ್ಯಾನಿನ ರೆಕ್ಕೆ ನೋಡುತ್ತ ಅಜ್ಜಿಯನ್ನು ನೆನೆದೆ. ಕೇಳಬಾರದು, ಆಯ್ತಾ ಎಂದು ಕೇಳಬಾರದು, ಕೇಳಿದರೆ ಅದು ಹೆದರುತ್ತದೆ. ಹಲ್ಲು ಕಚ್ಚಿ ಸುಮ್ಮನೆ ಇದ್ದೆ. ಆಮೇಲೆ ಎಲ್ಲಿಂದಲೋ, ದೂರದ ಗುಡ್ಡದಾಚೆ ಪಂಪ್‌ಸೆಟ್ ಚಾಲೂ ಆದ ಹಾಗೆ, ಟುಕು ಟುಕು ಎಂದು ಶುರುವಾಯಿತು.

"ಇದೆ" ಎಂದಳು ನರ್ಸ್. "ಆದ್ರೆ ಸುಸ್ತಾಗಿದೆ. ಡಾಕ್ಟರನ್ನ ಕರೀತೀನಿ."

ಡಾಕ್ಟರಮ್ಮ ಬಂದು ನೋಡಿ, ಇನ್ನು ಒಳಗೆ ಬಿಡುವುದು ಬೇಡ ಎಂದರು. ಸತೀಶ್ ಬಸ್ಸು ಹಿಡಿದು ಆಸ್ಪತ್ರೆ ತಲುಪುವ ಹೊತ್ತಿಗೆ ಜೀವ ಎರಡಾಗಿತ್ತು. ಹೆಣ್ಣು ಮಗು. ಎಷ್ಟು ಸಣ್ಣದೆಂದರೆ ಮೊದಲ ಸಲ ಗಾಜಿನಾಚೆಯಿಂದ ನೋಡಿದಾಗ ನನಗೆ ನೆನಪಾದದ್ದು ಎಣ್ಣೆಗಾಯಿ ಬದನೆ. ಮಗುವಿಗೆ ಬಟ್ಟೆ ಕೊಡಿ ಎಂದು ನರ್ಸ್ ಕೇಳಿದಾಗ ನಮ್ಮಲ್ಲಿ ಒಂದು ತುಂಡೂ ಇರಲಿಲ್ಲ. ಅತ್ತೆ ಮರೆಗೆ ಹೋಗಿ ಉಟ್ಟಿದ್ದ ಹಳೆಯ ಹತ್ತಿ ಸೀರೆಯ ಸೆರಗು ಹರಿದು ಕೊಟ್ಟರು.

ಮರುದಿನ ಮೊದಲ ಬಸ್ಸಿಗೆ ಜುಬೇದಕ್ಕ ಬಂದರು, ಕೈಯಲ್ಲಿ ಡಬ್ಬಿ. ನಾನು ಒಲೆಯ ಮೇಲೆ ಬಿಟ್ಟು ಬಂದ ಕೇಕ್. ನಾವು ಹೋದ ಮೇಲೆ ಅವರು ಗ್ಯಾಸಿನ ಪಕ್ಕದಲ್ಲೇ ಕೂತಿದ್ದು, ಹೊತ್ತಿಗೆ ಸರಿಯಾಗಿ ಇಳಿಸಿದ್ದರು. ಯಾರೂ ಮುಚ್ಚಳ ಎತ್ತದೆ ಇದ್ದದ್ದಕ್ಕೆ ಅದು ನಡು ಕುಸಿಯದೆ ಗುಡ್ಡದ ಹಾಗೆ ಎದ್ದಿತ್ತು. ನಾನು ಆ ತಿಂಗಳುಗಳಲ್ಲಿ ಮಾಡಿದ ಕೇಕುಗಳಲ್ಲಿ ಕೇಕಿನಂತೆ ಕಂಡದ್ದು ಅದೊಂದೇ. ನನಗೆ ಅದನ್ನು ತಿನ್ನಲು ಬಿಡಲಿಲ್ಲ, ಹೊಲಿಗೆ ಹಾಕಿದ ಹೊಟ್ಟೆ. ಕಾವಲಿನವನಿಗೆ ದೊಡ್ಡ ತುಂಡು ಕೊಟ್ಟರಂತೆ ಅತ್ತೆ.

ಮಗು ಗಾಜಿನ ಪೆಟ್ಟಿಗೆಯಲ್ಲಿ ಇದ್ದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಹೆದರಿಕೆಗೂ ಒಂದು ಅಭ್ಯಾಸ ಬೀಳುತ್ತದೆ ಎಂದಷ್ಟೇ ಹೇಳಬಲ್ಲೆ. ಸತೀಶ್ ಬಟ್ಟೆ ತರಲೆಂದು ಒಂದು ದಿನ ಮನೆಗೆ ಹೋದರು. ಮಂಚದ ಪಕ್ಕ ಎರಡೂ ಬಟ್ಟಲು ಹಾಗೇ ಇದ್ದವಂತೆ. ಆಚೆ ಬಟ್ಟಲಿನಲ್ಲಿ ಒಂದೇ ಒಂದು ಕಾಳು. ಏನು ಮಾಡಬೇಕೆಂದು ತಿಳಿಯದೆ ಒಂದು ಟ್ರೇಗೆ ಮರಳು ತುಂಬಿ ಅವನ್ನೆಲ್ಲ ಬಿತ್ತಿ, ಮೇಲೆ ಒಣಹುಲ್ಲು ಹಾಸಿ, ನೀರು ಚಿಮುಕಿಸಿ ಬಂದರು. ಟ್ರೇಗೆ ಹಾಕಲೆಂದು ತಂದ ಪಾರ್ಚ್‌ಮೆಂಟ್ ಕೊನೆಗೂ ಟ್ರೇಗೆ ಬಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಮಗು ಮನೆಗೆ ಬಂದು ಮೂರು ವಾರ ಕಳೆದಿತ್ತು. ಅತ್ತೆ ಜಗಲಿಯಲ್ಲಿ ಕಾಲು ನೀಡಿ ಕೂತು, ಮಿಂದ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೈ ಒರೆಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಮರಳು ಕಾಯಿಸುತ್ತಿದ್ದೆ. ಸತೀಶ್ ಅಂಗಳದಲ್ಲಿ ಟ್ರೇಯ ಮೇಲಿನ ಹುಲ್ಲು ಸರಿಸಿ ಕೂಗಿದರು.

"ಅಮ್ಮಾ, ಟೋಪಿ ಬಂದಿದೆ."

"ಎಷ್ಟು?"

ಸತೀಶ್ ತಿರುಗಿ ಅಮ್ಮನ ಮುಖ ನೋಡಿದರು. "ಎಣಿಸ್ಲಾ?"

"ಎಣಿಸು."

ಅವರು ಬೆರಳು ಮುಟ್ಟಿಸುತ್ತ ಎಣಿಸಿದರು. "ಇವತ್ತಿಗೆ ಇಪ್ಪತ್ತಮೂರು."

ಅತ್ತೆ ಮಗುವಿನ ತಲೆಗೆ ಟೋಪಿ ಹಾಕಿ, ಗಲ್ಲದ ಕೆಳಗೆ ದಾರ ಕಟ್ಟಿ, "ಇಪ್ಪತ್ತನಾಲ್ಕು" ಎಂದರು.